ಮುಚ್ಚಳಕ್ಕೆ ಪಾತ್ರೆ ಹುಡುಕಿದ ಚಂಪಕ್ಕ

ನೀವು ನಂಬುವುದಿಲ್ಲ. ಗೊತ್ತು ನನಗೆ. ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಈ ನಂಜುಂಡನ ಮಾತು ನಂಬಿ ಮೋಸಹೋದವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಆದ್ದರಿಂದ ನಂಬಬೇಡಿ ಅಂತ ನಾನೇ ಮೊದಲು ಹೇಳಿಬಿಡುತ್ತೇನೆ. ಮಗಳನ್ನು ನೋಡಲು ಬಂದ ಗಂಡಿನ ಸ್ಕೂಟರನ್ನು ಮನೆ ಮುಂದೆಯೇ ಬೆರಳಿನ ಗೆಣ್ಣಿನಿಂದ ಟಣ್ ಟಣ್ ಎಂದು ತಟ್ಟಿ, ಬಗ್ಗಿ ಕಿವಿಯಿಟ್ಟು ಕೇಳಿ, "ಇದು ನಿಂದಲ್ಲ ಬಿಡಪಾ" ಎಂದ ಹೆಂಗಸನ್ನು ನಾನು ನೋಡಿದ್ದೇನೆ. ಸ್ಕೂಟರು ನಿಜವಾಗಿಯೂ ಆ ಹುಡುಗನ ಸ್ನೇಹಿತನದಾಗಿತ್ತು. ಹುಡುಗ ಬೆವೆತುಹೋದ. ಮದುವೆ ಮಾತ್ರ ಆಯಿತು, ಯಾಕೆಂದರೆ ಹುಡುಗ ಒಪ್ಪಿಕೊಂಡುಬಿಟ್ಟ. ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವವನು ಕೈಗೆ ಸಿಗುತ್ತಾನೆ ಅನ್ನುವುದು ಚಂಪಕ್ಕನ ಲೆಕ್ಕಾಚಾರ.

ಈ ಬರಹದಲ್ಲಿ ನಾನು ಸೇರಿಸಿದ ಸುಳ್ಳು ಒಂದೇ ಒಂದು ಇದೆ. ಸ್ಕೂಟರ್ ಅಲ್ಲ. ಹುಡುಕಿ ನೋಡಿ.

ಚಂಪಕ್ಕ ಧಾರವಾಡದ ಕಡೆಯವರು. ಯಜಮಾನರು ನಮ್ಮ ಕಾರ್ಖಾನೆಯಲ್ಲೇ ಟೂಲ್ ರೂಮಿನಲ್ಲಿದ್ದರು, ಮಾತೇ ಆಡದ ಮನುಷ್ಯ. ಅವರ ಪಾಲಿನ ಮಾತನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ, ಒಂದು ನುಗ್ಗೆ ಮರ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬಲಗೈಯ ನಡುಬೆರಳನ್ನು ಕೊಕ್ಕಿನ ಹಾಗೆ ಮಡಚಿ ಅವರು ಬೆಳಗ್ಗೆ ಬಾಗಿಲಿಗೆ ಬಂದು ನಿಂತರೆ ಬೀದಿಯ ವ್ಯಾಪಾರಿಗಳ ಮುಖ ಬಾಡುತ್ತಿತ್ತು. ತೆಂಗಿನಕಾಯಿ ತಟ್ಟುತ್ತಿದ್ದರು, ಸರಿ, ಎಲ್ಲರೂ ತಟ್ಟುತ್ತಾರೆ. ಕುಂಬಳಕಾಯಿ ತಟ್ಟುತ್ತಿದ್ದರು. ಹಾಲಿನವನ ಕ್ಯಾನು ತಟ್ಟಿ ನೀರು ಎಷ್ಟು ಎಂದು ಹೇಳುತ್ತಿದ್ದರು. ಹೊಸ ಬಾಗಿಲು, ಹೊಸ ಬಕೆಟ್ಟು, ಕಡೆಗೆ ವಿದ್ಯುತ್ ಇಲಾಖೆಯವರು ನೆಟ್ಟ ಕಂಬವನ್ನೂ ತಟ್ಟಿದ್ದಾರೆ. ತಟ್ಟಿ ಮುಗಿದ ಮೇಲೆ ಒಂದೇ ಪ್ರಶ್ನೆ: "ಖರೇ ಏನ?" ರೇಡಿಯೋದಲ್ಲಿ ನಾಳೆ ಮಳೆ ಎಂದರೂ ಅದರ ಕಡೆ ತಿರುಗಿ, "ಖರೇ ಏನ?" ಯಜಮಾನರು ಊಟ ಸಾಕು ಎಂದರೂ, "ಖರೇ ಏನ?"

ಈ ಪ್ರತಿಭೆ ಪೂರ್ತಿ ಅರಳುತ್ತಿದ್ದುದು ಪಾತ್ರೆ ಮುರುಗೇಶ ಬಂದ ದಿನ. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಅವನದು. ಸೈಕಲ್ಲಿನ ಹಿಂದೆ ಫಳಫಳ ಹೊಳೆಯುವ ಬುಟ್ಟಿ, ಮುಂದೆ ಬಟ್ಟೆಯ ಗಂಟು. ಆ ಕಾಲದಲ್ಲಿ ನಮ್ಮ ಕ್ವಾರ್ಟರ್ಸಿನ ಹೆಂಗಸರು ಗಂಡಂದಿರ ಪ್ಯಾಂಟು ಹರಿಯುವುದನ್ನೇ ಕಾಯುತ್ತಿದ್ದರು. ನನ್ನ ಹೆಂಡತಿ ಸರಸ ನನ್ನ ಪ್ಯಾಂಟಿನ ಮಂಡಿಯನ್ನು ನೋಡಿದಾಗಲೆಲ್ಲ ಅವಳ ಕಣ್ಣಿಗೆ ಒಂದು ಒಗ್ಗರಣೆ ಡಬ್ಬಿ ಕಾಣಿಸುತ್ತಿತ್ತು ಎಂಬುದು ನನ್ನ ಗುಮಾನಿ.

ಒಂದು ದಿನ ಚಂಪಕ್ಕ ಒಂದು ಕೊಳಗವನ್ನು ತಟ್ಟುತ್ತ ಕೂತಿದ್ದರು. ನನಗೆ ತರಲೆ ಮಾಡದೆ ಕೈ ತುರಿಸುತ್ತಿತ್ತು. "ಅಕ್ಕಾ, ಗೆಣ್ಣಲ್ಲಿ ತಟ್ಟಿದ್ರೆ ಏನ್ ಗೊತ್ತಾಗುತ್ತೆ? ನಮ್ ಫ್ಯಾಕ್ಟರಿಲಿ ಪಾತ್ರೆಯೊಳಗೆ ಬಾಯಿಟ್ಟು ಹೆಸ್ರು ಕೂಗ್ತೀವಿ. ಅಸಲಿ ಸ್ಟೀಲ್ ಆದ್ರೆ ಎರಡ್ ಸಲ ಉತ್ತರ ಕೊಡುತ್ತೆ" ಎಂದೆ.

"ಖರೇ ಏನ?"

"ನಿಮ್ಮಾಣೆ."

"ಹಂಗಾರ ನೀನ ಕೂಗು ತಮ್ಮಾ. ನನ್ನ ದನಿ ಸಣ್ಣದೈತಿ."

ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ಹಿಂದೆ ಸರಿಯುವ ಹಾಗಿರಲಿಲ್ಲ. ಕೊಳಗದೊಳಗೆ ತಲೆ ತೂರಿಸಿ "ನಂಜುಂಡಾ!" ಎಂದು ಕೂಗಿದೆ. ಅಷ್ಟೇ, ಹೊರಗಿನಿಂದ ಚಂಪಕ್ಕ ಗೆಣ್ಣಿನಿಂದ ಎರಡು ಬಿಗಿದರು. ಸಂಜೆಯ ಪಾಳಿ ಮುಗಿಯುವವರೆಗೂ ನನ್ನ ಕಿವಿಯಲ್ಲಿ ದೇವಸ್ಥಾನದ ಗಂಟೆ. "ಎರಡ್ ಸಲ ಉತ್ತರಾ ಬಂತೇನ್ ತಮ್ಮಾ?" ಎಂದು ಆಮೇಲೆ ಕಂಡಾಗಲೆಲ್ಲ ಕೇಳುತ್ತಿದ್ದರು. ಇಡೀ ಉತ್ತರ ಬೆಂಗಳೂರಿನಲ್ಲಿ ನನ್ನನ್ನು ನನ್ನ ಆಟದಲ್ಲೇ ಸೋಲಿಸಿದವರು ಅವರೊಬ್ಬರೇ. ಇದು ಕೂಡ ಸುಳ್ಳಲ್ಲ.

ಎಂಬತ್ತರ ದಶಕದ ನಡುವೆ, ಸಿಲೋನಿನಲ್ಲಿ ಯುದ್ಧ ಶುರುವಾದ ಮೇಲೆ, ದೋಣಿಯಲ್ಲಿ ಸಮುದ್ರ ದಾಟಿ ಬಂದ ಕೆಲವು ಕುಟುಂಬಗಳು ಹೇಗೋ ಯಶವಂತಪುರದವರೆಗೆ ಬಂದಿದ್ದವು. ಮಂಡಿಯ ಸಾಹುಕಾರರೊಬ್ಬರು ತಮ್ಮ ಹಳೆಯ ಹುಣಸೆಹಣ್ಣಿನ ಗೋದಾಮನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಸುದ್ದಿ ಜಾಲಹಳ್ಳಿಗೆ ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ಸೀರೆಯ ಅಂಚಿನಲ್ಲಿ ಚಿನ್ನ ಹೊಲಿದುಕೊಂಡು ಬಂದಿದ್ದಾರಂತೆ. ಹುಡುಗರ ಚೀಲದಲ್ಲಿ ಬಟ್ಟೆ ಬಿಟ್ಟು ಇನ್ನೇನೋ ಇದೆಯಂತೆ. ಅವರು ಸಿಲೋನಿನವರೇ ಅಲ್ಲವಂತೆ. ಕ್ಯಾಂಟೀನಿನಲ್ಲಿ ಈ ಅಂತೆಗಳಲ್ಲಿ ಒಂದೆರಡನ್ನು ನಾನೇ ಬಿಟ್ಟಿದ್ದೆ, ಯಾವುವು ಅಂತ ಕೇಳಬೇಡಿ.

ನಮ್ಮ ಮಹಿಳಾ ಸಮಾಜದ ಅಧ್ಯಕ್ಷೆ ವಿಮಲಮ್ಮ, ಅಧಿಕಾರಿಗಳ ಮನೆಯವರು. ಗೋದಾಮಿನವರಿಗೆಂದು ಹಳೇ ಬಟ್ಟೆ ಕೂಡಿಸೋಣ ಎಂದರು. ಕೂತವರೆಲ್ಲ ತಲೆ ತಗ್ಗಿಸಿದರು. ಹಳೇ ಬಟ್ಟೆ ಕೊಡುವುದೆಂದರೆ ಆ ವರ್ಷದ ಪಾತ್ರೆ ಕೊಟ್ಟ ಹಾಗೆ. ಚಂಪಕ್ಕ ಮಾತ್ರ ತಲೆಯೆತ್ತಿ, "ಅವ್ರು ಯಾರಂತ ನಿಮಗ ಖರೇ ಗೊತ್ತೇನ್ರಿ? ನೋಡೀರೇನ?" ಎಂದರು. ಯಾರೂ ನೋಡಿರಲಿಲ್ಲ. "ನಾ ನೋಡಿ ಬರ್ತೀನಿ. ನೋಡಲಾರದ ಒಂದ್ ಚಿಂದಿನೂ ಕೊಡಬ್ಯಾಡ್ರಿ."

ಮರುದಿನ ಬಸ್ಸು ಹತ್ತಿ ಹೋದರು. ಬಂದವರು ಏನನ್ನೂ ಹೇಳಲಿಲ್ಲ. ಚಂಪಕ್ಕ ಬಾಯಿ ಮುಚ್ಚಿಕೊಂಡಿದ್ದನ್ನು ಕ್ವಾರ್ಟರ್ಸಿನವರು ಅದೇ ಮೊದಲು ಕಂಡದ್ದು, ಅನುಮಾನದ ಬೀಜ ಬಿದ್ದದ್ದೂ ಆಗಲೇ. ಅದಾದ ಮೇಲೆ ಗೋಣಿಚೀಲ ಹಿಡಿದು ತಾವೇ ಮನೆಮನೆಗೆ ಹೊರಟರು. ದಾನ ಕೊಡುವವರಿಗೂ ನೆಮ್ಮದಿಯಿಲ್ಲ! ಕೊಟ್ಟ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುವುದು, ತೂತಿದ್ದರೆ ವಾಪಸ್ಸು ಮಡಿಲಿಗೆ ಹಾಕುವುದು. "ಇದನ್ನ ನೀ ಉಡ್ತೀಯೇನ್ ಯವ್ವಾ? ಇಲ್ಲಲಾ? ಮತ್ತ?" ಸರಸ ಹೊಟ್ಟೆಯುರಿದುಕೊಂಡು ತನ್ನ ಗಿಳಿಹಸಿರು ಸೀರೆ ತಂದುಕೊಟ್ಟಳು. ಅದರ ನೆರಿಗೆಯಲ್ಲಿ ನಾನು ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಕಡೆ ಅವಳು ಕೆಂಪು ನೂಲಿನಲ್ಲಿ ಒಂದು ಹೂ ಹೊಲಿದಿದ್ದಳು. ಚಂಪಕ್ಕ ಆ ಹೂವನ್ನು ಬೆರಳಲ್ಲಿ ಸವರಿ ಚೀಲಕ್ಕೆ ಹಾಕಿದರು.

ಸ್ವಲ್ಪ ದಿನ ಕಳೆದ ಮೇಲೆ ಗೋಕುಲದ ಬಸ್‌ಸ್ಟಾಪಿನಲ್ಲಿ ನಾನು ನಿಂತಿದ್ದೆ. ಮುರುಗೇಶ ಸೈಕಲ್ ಒರಗಿಸಿ ಟೀ ಕುಡಿಯುತ್ತಿದ್ದ. ಅವನ ಗಂಟಿನ ಸಂದಿಯಿಂದ ಒಂದು ಕೆಂಪು ಹೂ ನನ್ನನ್ನೇ ನೋಡುತ್ತಿತ್ತು.

"ಲೋ ಮುರುಗೇಶ, ಈ ಸೀರೆ ಯಾರೋ ಕೊಟ್ಟಿದ್ದು?"

"ನಿಮ್ ಚಂಪಕ್ಕಾನೇ ಸಾಮಿ. ಇದೊಂದೇ ಅಲ್ಲ, ಚೀಲಚೀಲ ಕೊಟ್ರು. ಪಾತ್ರೆ ತಗೊಂಡ್ರು."

ನನಗೆ ಆದ ಖುಷಿಯನ್ನು ಹೇಗೆ ಹೇಳಲಿ! ಕೊಳಗದ ಸೇಡು ತೀರುವ ದಿನ ಬಂದಿತ್ತು. ಮನೆಗೆ ಬಂದವನೇ ಸರಸನಿಗೆ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಹೊರಟಳು. "ಸೌಟು ಇಟ್ಟು ಬಾರೇ, ಉಪಾಯದಿಂದ ನೋಡೋಣ" ಎಂದು ಸಮಾಧಾನ ಮಾಡಿ, ಹೆಪ್ಪು ಕೇಳುವ ನೆಪದಲ್ಲಿ ಇಬ್ಬರೂ ಚಂಪಕ್ಕನ ಮನೆಗೆ ಹೋದೆವು. ಅವರು ಹೆಪ್ಪು ತರಲು ಒಳಗೆ ಹೋದರು. ನಾನು ಮಂಚದಿಂದ ಇಳಿಬಿದ್ದ ಹಾಸನ್ನು ಎತ್ತಿದೆ. ಕೆಳಗೆ ಸಾಲಾಗಿ ಪಾತ್ರೆ, ತಟ್ಟೆ, ಲೋಟ, ಸೌಟು. ಒಂದನ್ನು ಎಳೆದು ನೋಡಿದರೆ ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು. ಅದು ತಮಿಳು ಅಕ್ಷರ ಎಂದು ಗೊತ್ತಾಯಿತೇ ಹೊರತು ಓದಲು ಬರಲಿಲ್ಲ.

ಪಾತ್ರೆಗೆ ಹೆಸರು ಕೊರೆಸುವುದು ನಮ್ಮ ಮನೆಗಳಲ್ಲಿ ಎಂಥ ವಿಷಯ ಅಂತ ನಿಮಗೆ ಗೊತ್ತಲ್ಲ. ಮದುವೆಯಲ್ಲಿ ಬಂದ ಚೊಂಬು, ಗೃಹಪ್ರವೇಶದ ತಟ್ಟೆ, ಎಲ್ಲದರ ಮೇಲೂ ಹೆಸರು. ಸಾರು ತುಂಬಿಕೊಂಡು ಪಕ್ಕದ ಮನೆಗೆ ಹೋದ ಬಟ್ಟಲು ಆ ಹೆಸರಿನ ಬಲದಿಂದಲೇ ವಾಪಸ್ಸು ಬರುತ್ತದೆ. ಒಬ್ಬರ ಮನೆಯ ಮಂಚದ ಕೆಳಗೆ ಯಾರ್ಯಾರದೋ ಹೆಸರಿನ ಪಾತ್ರೆ ಇದೆ ಎಂದರೆ ನಮ್ಮವರು ಒಂದೇ ಅರ್ಥ ಮಾಡುತ್ತಾರೆ.

"ರೀ, ಸೀರೆ ಕೊಟ್ಟು ತಗೊಂಡಿದ್ದಷ್ಟೇ ಅಲ್ಲ, ಕದ್ದಿದ್ದೂ ಇದೆ ಕಣ್ರೀ" ಎಂದು ಸರಸ ನನ್ನ ತೋಳು ಚಿವುಟಿದಳು.

ಮಾರನೆಯ ದಿನ ಮಧ್ಯಾಹ್ನ ಸಮಾಜದ ಕೊಠಡಿಯಲ್ಲಿ ಹೆಂಗಸರು ತುಂಬಿದ್ದರು. ಸಾಕ್ಷಿ ಹೇಳಲು ನಾನೂ ಇದ್ದೆ, ಶನಿವಾರದ ಅರ್ಧ ದಿನ. ವಿಮಲಮ್ಮ ಗಂಟಲು ಸರಿ ಮಾಡಿಕೊಂಡು, "ಚಂಪಾಬಾಯಿಯವರೇ, ನಾವು ಕೊಟ್ಟ ಬಟ್ಟೆ ಏನಾಯ್ತು?" ಎಂದರು.

"ಪಾತ್ರಿ ಆತು."

ಎಲ್ಲರ ಬಾಯಿಂದಲೂ ಒಟ್ಟಿಗೆ ಮಾತು ಹೊರಟಿತು. ಆ ಪಾತ್ರೆಗಳನ್ನೆಲ್ಲ ಇಲ್ಲಿಗೆ ತರಿಸಿ, ಬಟ್ಟೆ ಕೊಟ್ಟವರಿಗೆ ಹಂಚಬೇಕು ಎಂದು ತೀರ್ಮಾನವೂ ಆಯಿತು. ಆಗ ಚಂಪಕ್ಕ ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಪಾತ್ರಿ ಮುಟ್ಟಬ್ಯಾಡ್ರಿ. ಸೋಮವಾರ ಅವ್ರು ಒಲಿ ಹಚ್ಚಬೇಕು."

"ಯಾರು?"

"ಸಿಲೋನಿನವ್ರು. ಇಷ್ಟ್ ದಿನಾ ಸಾಹುಕಾರ್ರ ಹಂಡೇದಾಗ ಎಲ್ಲಾರ್ದೂ ಕೂಡಿ ಬೇಯಿಸ್ತಿದ್ರು. ಸೋಮವಾರ ಹಂಡೆ ವಾಪಸ್ ಹೋಗ್ತದ. ಅಕ್ಕಿ ಅಷ್ಟ ಕೊಡ್ತಾರಂತ. ಅಕ್ಕೀನ ಸೀರಿ ಒಳಗ ಬೇಯಿಸ್ಲೇನ್ರಿ?"

ಮಾತು ಸರಿಯಾಗಿಯೇ ಇತ್ತು. ಆದರೆ ಇಂಥ ಅವಕಾಶವನ್ನು ಬಿಟ್ಟರೆ ನಾನು ನಂಜುಂಡನೇ ಅಲ್ಲ. ನಡುಬೆರಳನ್ನು ಕೊಕ್ಕಿನ ಹಾಗೆ ಮಡಚಿ, ಮೇಜಿನ ಮೇಲೆ ಟಕಟಕ ತಟ್ಟಿ, ಅವರದೇ ದನಿಯಲ್ಲಿ, "ಖರೇ ಏನ?" ಎಂದೆ.

ಕೊಠಡಿ ನಗೆಯಲ್ಲಿ ಮುಳುಗಿತು. ಚಂಪಕ್ಕನ ಮುಖ ಒಂದು ಸಲ ಸಣ್ಣದಾಯಿತು. ಅವರು ನನ್ನನ್ನು ನೋಡಿದ ರೀತಿ ನನಗೆ ಇವತ್ತಿಗೂ ಇಷ್ಟವಾಗುವುದಿಲ್ಲ. ಆಮೇಲೆ ಸೆರಗು ಬಿಗಿದುಕೊಂಡರು.

"ಕೇಳಿದ್ದು ಛಲೋ ಆತು ತಮ್ಮಾ. ನಾ ಹೇಳಿದ್ದು ನಂಬಬ್ಯಾಡ. ಯಾರೂ ನಂಬಬ್ಯಾಡ್ರಿ. ನಡೀ, ಚೀಲ ಎತ್ತು."

ಹಾಗೆ ಆ ಶನಿವಾರ ಪಾತ್ರೆ ತುಂಬಿದ ಗೋಣಿಚೀಲ ಹೊತ್ತುಕೊಂಡು ನಾನು, ಹಿಂದೆ ಚಂಪಕ್ಕ, ವಿಮಲಮ್ಮ, ಸರಸ ಮತ್ತು ತನಿಖಾ ತಂಡದ ಹಾಗೆ ಇನ್ನಷ್ಟು ಹೆಂಗಸರು ಕೆಂಪು ಬಸ್ಸು ಹತ್ತಿದೆವು. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಚೀಲ ಝಣ್ಣೆನ್ನುತ್ತಿತ್ತು. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ್ ಮನೇದು ಗುರು?" ಎಂದ. ಚಂಪಕ್ಕ ನಗಲಿಲ್ಲ.

ಗೋದಾಮಿನ ಬಾಗಿಲಲ್ಲೇ ಹುಣಸೆಹಣ್ಣಿನ ಹುಳಿವಾಸನೆ ಮೂಗಿಗೆ ಹೊಡೆಯಿತು. ಒಳಗೆ ಕಾಲಿಟ್ಟ ಹೆಂಗಸರು ಹಾಗೇ ನಿಂತರು. ಎಲ್ಲಿ ನೋಡಿದರೂ ಸೀರೆ. ಉಟ್ಟದ್ದಲ್ಲ, ಕಟ್ಟಿದ್ದು. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಬಿಗಿದು, ಊರಿನ ಸಂಘ ಸಮಾಜಗಳೆಲ್ಲ ಕಳಿಸಿದ ಸೀರೆಗಳನ್ನು ಇಳಿಬಿಟ್ಟು, ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ ಮಾಡಿಕೊಂಡಿದ್ದರು. ಹೂವಿನ ಗೋಡೆ, ಚೌಕುಳಿ ಗೋಡೆ, ಜರಿ ಕಿತ್ತ ಗೋಡೆ. ಮೂಲೆಯಲ್ಲಿ ಇನ್ನೂ ಗಂಟುಗಂಟಾಗಿ ಬಟ್ಟೆ ಬಿದ್ದಿತ್ತು. ನಡುವೆ ಒಂದು ದೊಡ್ಡ ಹಂಡೆ, ಅದರ ಮುಂದೆ ಎಲೆ ಹಿಡಿದ ಸಾಲು. ಮೇಷ್ಟರಂತೆ ಕನ್ನಡಕ ಹಾಕಿಕೊಂಡ ಒಬ್ಬರು ಆ ಸಾಲಿನಲ್ಲಿ ನಿಂತು, ನಮ್ಮನ್ನು ಕಂಡೊಡನೆ ಕೈಯಲ್ಲಿದ್ದ ಎಲೆಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

ಹೊರಗೆ ಸೈಕಲ್ ನಿಲ್ಲಿಸಿ ಮುರುಗೇಶ ಒಳಗೆ ಬಂದ. ಮೊದಲ ದಿನ ಚಂಪಕ್ಕನಿಗೆ ಇಲ್ಲಿಯವರ ತಮಿಳನ್ನು ಕನ್ನಡ ಮಾಡಿ ಹೇಳಿದವನೇ ಅವನು, ಪಾತ್ರೆಗಳ ಮೇಲೆ ಹೆಸರು ಕುಟ್ಟಿದವನೂ ಅವನೇ. "ನನ್ ಹತ್ರ ಯಾಕೋ ಹೇಳ್ಲಿಲ್ಲ?" ಎಂದು ರೇಗಿದೆ.

"ಸೀರೆ ಯಾರು ಕೊಟ್ರು ಅಂತ ಕೇಳಿದ್ರಿ, ಹೇಳ್ದೆ. ಯಾತಕ್ ಕೊಟ್ರು ಅಂತ ಎಲ್ಲಿ ಕೇಳಿದ್ರಿ ಸಾಮಿ?"

ಅಷ್ಟರಲ್ಲಿ ಒಂದು ಸೀರೆಗೋಡೆಯನ್ನು ಸರಿಸಿಕೊಂಡು ಮುದುಕಿಯೊಬ್ಬರು ಬಂದರು. ರಾಸಮ್ಮ ಅಂತ. ಕೈಯಲ್ಲಿ ಒಂದು ಹಿತ್ತಾಳೆ ಮುಚ್ಚಳ. ಅದರ ಕಥೆಯನ್ನು ಅವರು ಹೇಳಿದರು, ನಾನು ಕನ್ನಡಕ್ಕೆ ತಂದೆ. ಯಶವಂತಪುರದ ಬೀದಿಯಲ್ಲಿ ಕಲಿತ ನನ್ನ ತಮಿಳು ಅವರ ತಮಿಳಿನ ಮುಂದೆ ಏದುಸಿರು ಬಿಡುತ್ತಿತ್ತು, ಆದರೂ ಕಥೆ ಸಣ್ಣದು. ಅನ್ನ ಬೆಂದಿದೆಯೋ ಎಂದು ನೋಡಲು ಮುಚ್ಚಳ ಎತ್ತಿದ್ದಾರೆ. ಬೀದಿಯ ತುದಿಯಲ್ಲಿ ಗುಂಡಿನ ಸದ್ದು. ಮೊಮ್ಮಗಳನ್ನು ಕಂಕುಳಿಗೆ ಹಾಕಿಕೊಂಡು ಓಡಿದ್ದಾರೆ. ದೋಣಿ ಹತ್ತಿ ಕೂತ ಮೇಲೆ ನೋಡಿಕೊಂಡರೆ ಕೈಯಲ್ಲಿ ಮುಚ್ಚಳ. ಪಾತ್ರೆ ಒಲೆಯ ಮೇಲೆ.

"ನಾನೂ ಮೊದಲ ದಿನ ನಂಬಲಿಲ್ಲ" ಎಂದರು ಚಂಪಕ್ಕ, ನಮ್ಮ ಹೆಂಗಸರ ಕಡೆ ತಿರುಗಿ. "ಕೈಯಾಗ ತಗೊಂಡು ತಟ್ಟಿದೆ. ಕಿವಿಗಿ ಹಿಡದೆ. ಭಾಳ ಹೊತ್ತು ಗುಂಯ್ ಅಂತಿತ್ತು ಅದು. ಖರೇ ಐತ್ರಿ."

ಅವರ ಬಾಯಿಂದ ಪ್ರಶ್ನೆಯಿಲ್ಲದೆ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾನು ಚೀಲ ಬಿಚ್ಚಿದೆ. ಮುರುಗೇಶ ಒಂದೊಂದೇ ಪಾತ್ರೆ ಎತ್ತಿ ಕಂಠದ ಹೆಸರು ಓದಿದ. ಹೆಸರು ಕೂಗಿದಂತೆ ಒಬ್ಬೊಬ್ಬರೇ ಬಂದು ತೆಗೆದುಕೊಂಡರು. ಕನ್ನಡಕದವರು ತಮ್ಮ ತಟ್ಟೆಯ ಅಕ್ಷರಗಳ ಮೇಲೆ ಬೆರಳಾಡಿಸಿ, ಅಂಚಿನಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿದೆ ಎಂದು ಮುರುಗೇಶನನ್ನು ಗದರಿಸಿದರು. ಚಂಪಕ್ಕನಿಗೆ ಅದು ಬಹಳ ಹಿಡಿಸಿತು. "ಹಂಗ ಕೇಳ್ರಿ ಅವನ್ನ! ಬಿಡಬ್ಯಾಡ್ರಿ!"

ವಿಮಲಮ್ಮ ಮೆಲ್ಲಗೆ ಕೇಳಿದರು, "ಎಲ್ಲಾ ಸರಿ ಚಂಪಾಬಾಯಿ. ಆದ್ರೆ ಸಮಾಜದ ಕೊಡುಗೆ ಅಂತ ಒಂದ್ ಮಾತಾದ್ರೂ ಕೊರೆಸಬಹುದಿತ್ತಲ್ವಾ? ನಮಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ಅದನ್ನ ಕೊರಸ್ತಿದ್ರಿ, ಅದಕ್ಕ ಹೇಳಲಿಲ್ಲ. ಉಣ್ಣೂ ತಾಟಿನ ಮ್ಯಾಗ ಕೊಟ್ಟವ್ರ ಹೆಸರಿದ್ರ, ಅವ್ರು ದಿನಾ ಅನ್ನ ಸರಿಸಿ ಸರಿಸಿ ನಿಮ್ಮನ್ನ ಓದಬೇಕ್ರಿ. ನಿಮಗರ ಅದು ಬೇಕೇನು?"

ವಿಮಲಮ್ಮ ನೆಲದ ಮೇಲೆ ಕೂತು, ಉಳಿದ ಲೋಟಗಳನ್ನು ಸೆರಗಿನಿಂದ ಒರೆಸಿ ಮುರುಗೇಶನ ಕೈಗೆ ಕೊಡತೊಡಗಿದರು.

ಕೊನೆಯ ಪಾತ್ರೆ ರಾಸಮ್ಮನದು. ಮುದುಕಿ ಅದನ್ನು ಮಡಿಲಲ್ಲಿಟ್ಟುಕೊಂಡು ಮೊದಲು ಗೆಣ್ಣಿನಿಂದ ಒಂದು ತಟ್ಟಿ ಕಿವಿಗೊಟ್ಟರು. "ನೋಡ್ರಿ, ಶಾಣ್ಯಾಕಿ!" ಎಂದರು ಚಂಪಕ್ಕ. ಆಮೇಲೆ ರಾಸಮ್ಮ ಮುಚ್ಚಳವನ್ನು ಎತ್ತಿ ಪಾತ್ರೆಯ ಬಾಯಿಗೆ ಇಟ್ಟರು. ಟಕ್ ಎಂದು ಕೂತಿತು. ಅಳತೆ ಕೊಟ್ಟು ಮಾಡಿಸಿದ ಹಾಗೆ.

ವಾಪಸ್ಸು ಬರುವಾಗ ಬಸ್ಸು ಮತ್ತಿಕೆರೆ ದಾಟಿದ ಮೇಲೆ ಸರಸ, "ಅಕ್ಕಾ, ನನ್ ಹಸಿರು ಸೀರೆ ಯಾವ್ ಪಾತ್ರೆ ಆಯ್ತು?" ಎಂದು ಕೇಳಿದಳು.

"ಮುದುಕೀದು" ಎಂದರು ಚಂಪಕ್ಕ.

ಸರಸ ಕಿಟಕಿಯ ಕಡೆ ತಿರುಗಿದಳು. ಒಗ್ಗರಣೆ ಡಬ್ಬಿಯ ಮಾತನ್ನು ಆಮೇಲೆ ಎಷ್ಟೋ ದಿನ ಅವಳು ಎತ್ತಲಿಲ್ಲ, ನನ್ನ ಪ್ಯಾಂಟುಗಳು ಬದುಕಿಕೊಂಡವು.

ಕ್ವಾರ್ಟರ್ಸಿನವರ ಅನುಮಾನ ಅಲ್ಲಿಗೇ ನಿಂತಿತು ಎಂದುಕೊಳ್ಳಬೇಡಿ. ಮಂಚದ ಕೆಳಗೆ ಇನ್ನೂ ಒಂದೆರಡು ಉಳಿದಿರಬಹುದು ಎಂದು ಹಿಂದಿನಿಂದ ಆಡಿಕೊಂಡವರು ಇದ್ದರು. ಚಂಪಕ್ಕ ಅವರಿಗೆ ಹಾಸು ಎತ್ತಿ ತೋರಿಸುತ್ತಿದ್ದರು. "ನೋಡ್ರಿ, ಒಳಗ ಹೋಗಿ ನೋಡ್ರಿ, ದೀಪ ಹಚ್ಚಿ ಕೊಡ್ಲೇನು?" ತಮ್ಮ ಮೇಲಿನ ಅನುಮಾನವನ್ನು ಅವರು ಅವಮಾನ ಎಂದುಕೊಳ್ಳಲೇ ಇಲ್ಲ, ತಾವು ಊರಿಗೆ ಕಲಿಸಿದ ಪಾಠ ಎಂಬಂತೆ ನಡೆದುಕೊಂಡರು.

ಗೋದಾಮಿನವರು ಬರಬರುತ್ತ ಚದುರಿದರು. ಕೆಲವರು ತಮಿಳುನಾಡಿನ ಶಿಬಿರಗಳಿಗೆ, ಕೆಲವರು ನೆಂಟರ ಊರುಗಳಿಗೆ. ರಾಸಮ್ಮ ಒಂದು ಬೆಳಗ್ಗೆ ಮೊಮ್ಮಗಳ ಜೊತೆ ಯಾವುದೋ ಲಾರಿ ಹತ್ತಿ ಹೋದರಂತೆ, ಎಲ್ಲಿಗೆ ಎಂದು ಮುರುಗೇಶನಿಗೂ ತಿಳಿಯಲಿಲ್ಲ. ಸೀರೆಗೋಡೆಗಳು ಇಳಿದವು, ಹುಣಸೆಹಣ್ಣು ವಾಪಸ್ಸು ಬಂತು.

ದಶಕ ಮುಗಿಯುವ ಹೊತ್ತಿಗೆ ಚಂಪಕ್ಕನ ಯಜಮಾನರು ನಿವೃತ್ತರಾದರು. ಸ್ಕೂಟರ್ ಅಳಿಯನ ಊರಿನ ಹತ್ತಿರವೇ ಮನೆ ಮಾಡುವುದೆಂದು ಹೊರಟರು. ಯಶವಂತಪುರದ ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಡಬ್ಬಿ ಹತ್ತುವ ಮೊದಲು ಅದರ ಗೋಡೆಯನ್ನು ಗೆಣ್ಣಿನಿಂದ ತಟ್ಟಿದರು. "ಹುಬ್ಬಳ್ಳಿತನಾ ಹೋಗ್ತದೇನ ಖರೇ?" ಎಂದು ಟಿಕೆಟ್ ನೋಡುವವರನ್ನು ಕೇಳಿದರು. "ಅಕ್ಕಾ, ರೈಲೊಳಗೆ ತಲೆಯಿಟ್ಟು ಹೆಸ್ರು ಕೂಗಿ, ಎರಡ್ ಸಲ ಉತ್ತರ ಬಂದ್ರೆ ಹೋಗುತ್ತೆ" ಎಂದೆ. ಕಿಟಕಿಯಿಂದ ಕೈ ಚಾಚಿ ನನ್ನ ತಲೆಗೆ ಮೆತ್ತಗೆ ಒಂದು ಬಿಟ್ಟರು, ಕಿವಿಗೊಟ್ಟವರ ಹಾಗೆ ಮಾಡಿ, "ಪೊಳ್ಳು" ಎಂದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಎರಡು ವರ್ಷದ ನಂತರ, ಅಕ್ಕ ತೀರಿಕೊಂಡರೆಂದು ಅವರ ಮಗಳು ಕಾಗದ ಬರೆದಿದ್ದಳು.

ಇನ್ನು ಆ ಸುಳ್ಳು. ಸಿಕ್ಕಿತೇ? ಇಲ್ಲ ತಾನೇ? ಸ್ಕೂಟರನ್ನೇ ಹಿಡಿದುಕೊಂಡಿರುತ್ತೀರಿ.

ಮುಚ್ಚಳ ಟಕ್ ಎಂದು ಕೂತಿತು ಅಂದೆನಲ್ಲ, ಅದು. ಕೂರಲಿಲ್ಲ. ಚಂಪಕ್ಕ ಕಣ್ಣಳತೆಯಲ್ಲಿ ತಂದಿದ್ದರು, ಪಾತ್ರೆಯ ಬಾಯಿ ಒಂದು ಬೆರಳಷ್ಟು ದೊಡ್ಡದಾಗಿತ್ತು. ಮುಚ್ಚಳ ಒಳಗೆ ಜಾರಿ ಟಣ್ ಎಂದು ತಳಕ್ಕೆ ಬಿತ್ತು. ರಾಸಮ್ಮ ತೆಗೆದು ಇನ್ನೊಂದು ಸಲ ಇಟ್ಟರು, ತಿರುಗಿಸಿ ಇಟ್ಟರು. ಹೆಸರು ಕೊರೆದಾಗಿತ್ತು, ಬದಲಿಸಿ ಕೊಡುವ ಹಾಗಿರಲಿಲ್ಲ, ಬದಲಿಸಲು ಮುದುಕಿ ಬಿಡುತ್ತಲೂ ಇರಲಿಲ್ಲ. "ಪರವಾಗಿಲ್ಲ, ತಟ್ಟೆ ಮುಚ್ಚಿಕೊಳ್ತೀನಿ" ಎಂದು ನಕ್ಕರು. ಚಂಪಕ್ಕ ನಗಲಿಲ್ಲ. ಸೆರಗಿನಿಂದ ಒಂದು ನೂಲು ಎಳೆದು, ಮುಚ್ಚಳದ ಸುತ್ತ ಹಿಡಿದು, ಅಳತೆಗೆ ಗಂಟು ಹಾಕಿಕೊಂಡರು. ಅಂದಿನಿಂದ ಯಾವ ಪಾತ್ರೆ ಅಂಗಡಿಗೆ ಹೋದರೂ, ಮುರುಗೇಶ ಯಾವ ಬುಟ್ಟಿ ತಂದರೂ, ಮೊದಲು ಆ ನೂಲು ಹೊರಗೆ ಬರುತ್ತಿತ್ತು. ರಾಸಮ್ಮ ಹೋದ ಮೇಲೂ ಬರುತ್ತಿತ್ತು.

ರೈಲು ಹೊರಡುವಾಗ ಅದನ್ನು ನನ್ನ ಕೈಗೆ ಇಟ್ಟರು. "ನೀ ಊರೆಲ್ಲಾ ತಿರಗಾವ. ನೋಡ್ತಿರು."

"ರಾಸಮ್ಮ ಎಲ್ಲಿದ್ದಾರೋ ಗೊತ್ತಿಲ್ವಲ್ಲಕ್ಕಾ. ಸಿಕ್ಕಿದ್ರೂ ಯಾರಿಗ್ ಕೊಡೋದು?"

"ಮೊದಲ ಸಿಗಲಿ."

ಇನ್ನೂ ಸಿಕ್ಕಿಲ್ಲ. ಮುದುಕನೊಬ್ಬ ಜೇಬಿನಿಂದ ಹಳೇ ನೂಲು ತೆಗೆದು ಪಾತ್ರೆಗಳ ಬಾಯಿ ಅಳೆಯುತ್ತಿದ್ದರೆ ಅಂಗಡಿಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಏನನ್ನೋ ಎತ್ತಿಕೊಂಡು ಹೋಗುತ್ತಾನೆಂದು ಬಾಗಿಲವರೆಗೂ ಹಿಂದೆಯೇ ಬರುತ್ತಾರೆ.